ಮಂಡಿಯೂರಿದರೆ ಮಾತೇ ಬರುವುದಿಲ್ಲ: ನನ್ನ ನಂಬಿಕೆ ಸತ್ತಿದೆಯೇ?

ಪ್ರಶ್ನೆ: ನಾನು ದಾವಣಗೆರೆಯವಳು, ವಯಸ್ಸು 42, ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮೂರು ವರ್ಷದ ಹಿಂದೆ ನಮ್ಮ ಯಜಮಾನರು ತಮ್ಮನ ಸಾಲಕ್ಕೆ ಜಾಮೀನು ಹಾಕಿದರು. ಮೈದುನ ಈಗ ಕಂತು ಕಟ್ಟುತ್ತಿಲ್ಲ, ಫೋನೂ ಎತ್ತುತ್ತಿಲ್ಲ. ಪ್ರಾರ್ಥನಾ ಕೂಟದಲ್ಲಿ ಹೇಳಿಕೊಂಡೆ. ನಿಮ್ಮ ನಂಬಿಕೆ ಸಾಲದು, ಮನೆಯಲ್ಲಿ ಏನೋ ಗುಪ್ತ ಪಾಪ ಇದೆ, 21 ದಿನ ಉಪವಾಸ ಹಿಡಿಯಿರಿ ಅಂದರು. ವಾಗ್ದಾನದ ಕಾರ್ಡ್ (ದೇವರ ಮಾತೆಂದು ಎತ್ತಿಕೊಳ್ಳುವ ಬೈಬಲ್ ವಚನದ ಚೀಟಿ) ತೆಗೆದರೆ ಯೆರೆಮೀಯ 29:11 ಬಂತು, ನನ್ನ ಆಲೋಚನೆ ನಿಮ್ಮ ಹಿತಕ್ಕಾಗಿ ಅನ್ನುವ ವಚನ, ಸಂತೋಷಪಟ್ಟೆ. ಮರುದಿನವೇ ಮನೆಗೆ ನೋಟಿಸ್ ಬಂತು. ಅತ್ತೆ ಹರಿಹರದ ಆರೋಗ್ಯಮಾತೆಗೆ (ಕಥೋಲಿಕರ ಮರಿಯಮ್ಮನ ಗುಡಿ) ಹರಕೆ ಹೊರು ಅನ್ನುತ್ತಾರೆ, ಕೂಟದ ಅಕ್ಕಂದಿರು ಹೋಗಲೇಬೇಡ ಅನ್ನುತ್ತಾರೆ. ರಾತ್ರಿ ಮಂಡಿಯೂರಿದರೆ ಬಾಯಿಂದ ಒಂದು ಮಾತೂ ಬರುವುದಿಲ್ಲ. ಬೆಳಗಾಗದಿದ್ದರೆ ಸಾಕು ಅನ್ನಿಸುತ್ತದೆ ಒಮ್ಮೊಮ್ಮೆ. ಒಡವೆ ಮಾರಿ ಕಟ್ಟಿಬಿಡಲೇ? ಮಗಳನ್ನು ಕರೆದುಕೊಂಡು ಚಿತ್ರದುರ್ಗಕ್ಕೆ ತವರಿಗೆ ಹೋಗಿಬಿಡಲೇ? ದೇವರ ಚಿತ್ತ ತಿಳಿಯುವುದು ಹೇಗೆ?

ಉತ್ತರ: ತಂಗಿ, ನಿಮ್ಮ ಪತ್ರದಲ್ಲಿ ಸಾಲದ ಮಾತೇ ಹೆಚ್ಚು. ಆದರೆ ನಾನು ಓದುತ್ತ ನಿಂತುಬಿಟ್ಟದ್ದು ‘ಬೆಳಗಾಗದಿದ್ದರೆ ಸಾಕು’ ಅನ್ನುವ ಕಡೆ. ಉಳಿದದ್ದಕ್ಕೆಲ್ಲ ಆಮೇಲೆ ಬರುತ್ತೇನೆ. ಆ ಯೋಚನೆ ಇವತ್ತೂ ಬಂದಿದ್ದರೆ ಮೊದಲು ಯಜಮಾನರಿಗೆ ಹೇಳಿ, ಇಲ್ಲವೇ ನೀವು ನಂಬುವ ಇನ್ನೊಬ್ಬರಿಗೆ ಬಾಯಿಬಿಟ್ಟು ಹೇಳಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್ ಅನ್ನುವ ಸರ್ಕಾರದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವಾರಗಟ್ಟಲೆ ನಿದ್ದೆ ಹತ್ತುತ್ತಿಲ್ಲ ಅಂತಲೂ ಬರೆದಿದ್ದೀರಿ. ಅದಕ್ಕೆ ಜಿಲ್ಲಾಸ್ಪತ್ರೆಗೆ ಹೋಗಿ ಮನೋವೈದ್ಯರನ್ನು ಕಾಣಿ. ವೈದ್ಯರ ಹತ್ತಿರ ಹೋದರೆ ನಂಬಿಕೆ ಬಿಟ್ಟಂತಾಯಿತು ಅಂತ ಯಾರಾದರೂ ಅಂದರೆ, ಮೂವತ್ತು ವರ್ಷ ಚರ್ಚಿನ ಸಭೆ ನೋಡಿಕೊಂಡ ಪಾದ್ರಿಯೊಬ್ಬ ಹೋಗಲೇಬೇಕು ಅಂದಿದ್ದಾನೆ ಎಂದು ಹೇಳಿ.

ಆ ಮಾತು ನಿಮ್ಮ ಬಾಯಿಂದ ಬಂದದ್ದಕ್ಕೆ ನೀವು ನಾಚಬೇಕಾಗಿಲ್ಲ. ಸತ್ಯವೇದದಲ್ಲಿ ಅದನ್ನೇ ಆಡಿದವನು ಪ್ರವಾದಿ ಎಲೀಯ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದವನು, ಬರಗಾಲದ ನಾಡಿಗೆ ಮಳೆ ತರಿಸಿದವನು. ಅದಾದ ಸ್ವಲ್ಪ ದಿನಕ್ಕೇ ರಾಣಿಯ ಒಂದು ಬೆದರಿಕೆಗೆ ಹೆದರಿ ಊರು ಬಿಟ್ಟು ಓಡಿದ. ಬೇರ್ಷೆಬದಲ್ಲಿ ತನ್ನ ಸೇವಕನನ್ನೂ ಬಿಟ್ಟು ಒಬ್ಬನೇ ಅಡವಿಯೊಳಗೆ ಒಂದು ದಿನದ ದಾರಿ ನಡೆದು, ಒಂದು ಗಿಡದ ಕೆಳಗೆ ಕೂತು, ಸಾಕು ಕರ್ತನೇ, ಪ್ರಾಣ ತೆಗೆದುಕೋ ಅಂದ. ಚಳ್ಳಕೆರೆ ದಾರಿಯಲ್ಲಿ ಬಿಸಿಲಿಗೆ ನಿಂತ ಒಂಟಿ ಜಾಲಿಗಿಡ ನೆನೆಸಿಕೊಳ್ಳಿ, ನೆರಳು ಅನ್ನಿಸಿಕೊಳ್ಳುವಷ್ಟು ನೆರಳೂ ಇರುವುದಿಲ್ಲ. ಅಂಥ ಕಡೆ ಮಲಗಿದ್ದವನ ಹತ್ತಿರ ದೇವದೂತ ಬಂದ. ಬಂದು ನಿನ್ನ ನಂಬಿಕೆ ಎಲ್ಲಿ ಹೋಯಿತು ಅನ್ನಲಿಲ್ಲ. ಯಾವ ಪಾಪ ಮಾಡಿದೆ ಅಂತಲೂ ಕೇಳಲಿಲ್ಲ. ಮೈ ಮುಟ್ಟಿ ಎಬ್ಬಿಸಿ, ಊಟ ಮಾಡು ಅಂದ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ ಇತ್ತು, ತಂಬಿಗೆಯಲ್ಲಿ ನೀರಿತ್ತು. ಎಲೀಯ ತಿಂದು ಮತ್ತೆ ಮಲಗಿದ. ದೂತ ಮಲಗಲು ಬಿಟ್ಟು, ಎರಡನೆಯ ಸಲ ಎಬ್ಬಿಸಿ, ಇನ್ನೂ ಸ್ವಲ್ಪ ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ‘ಇಲ್ಲೇನು ಮಾಡುತ್ತಿದ್ದೀ ಎಲೀಯ’ ಅಂತ ದೇವರು ಕೇಳಿದ್ದು ಆಮೇಲೆ, 40 ದಿನದ ದಾರಿ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಸೇವೆಗೆ ಸೇರಿದ ಹೊಸದರಲ್ಲಿ ನಾನು ಕರ್ಮೆಲಿನ ಬೆಂಕಿಯ ಅಧ್ಯಾಯವನ್ನೇ ಬೋಧಿಸುತ್ತಿದ್ದೆ. ರೊಟ್ಟಿಯ ಅಧ್ಯಾಯ ನನಗೆ ಅರ್ಥವಾದದ್ದು ಹೆಂಡತಿ ತೀರಿಕೊಂಡ ವರ್ಷ, ಚಿತ್ರದುರ್ಗದಲ್ಲಿ. ಭಾನುವಾರ ಪೀಠದ ಮೇಲೆ ನಿಂತು ಸಭೆಗಾಗಿ ಪ್ರಾರ್ಥಿಸುತ್ತಿದ್ದೆ. ಮನೆಗೆ ಬಂದರೆ ನನಗಾಗಿ ಒಂದು ಮಾತೂ ಹೊರಡುತ್ತಿರಲಿಲ್ಲ. ಸಭೆಯಲ್ಲಿ ಆಸ್ಪತ್ರೆಯ ಆಯಾ ಕೆಲಸದಿಂದ ನಿವೃತ್ತಳಾದ ಒಬ್ಬ ಮುದುಕಿ ಇದ್ದಳು, ಓದು ಬರಹ ಇಲ್ಲ. ಸಂಜೆ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಂದು ಕೊಟ್ಟು, ನಾನು ತಿನ್ನುವವರೆಗೂ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಏನಾದರೂ ಪ್ರಾರ್ಥನೆ ಮಾಡಮ್ಮ ಅಂದರೆ ‘ನೀವು ಉಣ್ರೀ ಅಯ್ಯನವ್ರೇ, ಅದು ಆಮೇಲೆ’ ಅನ್ನುತ್ತಿದ್ದಳು. ತಿಂಗಳುಗಟ್ಟಲೆ ಹಾಗೆ ನಡೆಯಿತು. ದೇವರು ನನ್ನ ಜೊತೆ ಮಾತಾಡಲಿಲ್ಲ ಅಂತ ನಾನು ದೂರುತ್ತಿದ್ದ ಕಾಲ ಅದು.

ಆದ್ದರಿಂದ 21 ದಿನದ ಉಪವಾಸ ಸದ್ಯ ಬೇಡ. ಉಪವಾಸ ಒಳ್ಳೆಯದೇ, ಕರ್ತ ಯೇಸುವೂ ಮಾಡಿದ. ಆದರೆ ನಿದ್ದೆಗೆಟ್ಟು, ಅರ್ಧ ಹೊಟ್ಟೆ ಉಂಡು, ರಾತ್ರಿ ಹನ್ನೊಂದರವರೆಗೆ ಮಷೀನ್ ತುಳಿಯುವ ಹೆಂಗಸಿಗೆ ಇನ್ನೂ ಉಪವಾಸ ಇರು ಅನ್ನುವುದನ್ನು ನಾನು ಒಪ್ಪಲಾರೆ. ಬಿಸಿ ಅನ್ನ ಉಣ್ಣಿ. ಈ ವಾರದ ಮಟ್ಟಿಗೆ ಅದೇ ವಿಧೇಯತೆ ಅಂದುಕೊಳ್ಳಿ.

ಇನ್ನು ಗುಪ್ತ ಪಾಪದ ಮಾತು. ಸತ್ಯವೇದದಲ್ಲಿ ತಪ್ಪಿಲ್ಲದೆಯೇ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಸ್ನೇಹಿತರು ಅವನ ಸ್ಥಿತಿ ನೋಡಿ ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಅವರಂಥ ಸ್ನೇಹಿತರಿಲ್ಲ. ಬಾಯಿ ತೆಗೆದ ಮೇಲೆ ಕೆಟ್ಟರು. ನೀನೇನೋ ಮಾಡಿದ್ದೀ, ಅದಕ್ಕೇ ಹೀಗಾಗಿದೆ ಅನ್ನುವುದನ್ನೇ ಮೂವರೂ ಬೇರೆ ಬೇರೆ ರೀತಿ ಹೇಳಿದರು. ಪುಸ್ತಕದ ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಈ ಮೂವರ ಮೇಲೆ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪಕ್ಕೆ ಹೀಗಾಯಿತು, ಇವನದೋ ಇವನ ತಂದೆತಾಯಿಯದೋ ಎಂದು ಶಿಷ್ಯರು ಕೇಳಿದಾಗಲೂ ಯೇಸು ಎರಡೂ ಅಲ್ಲ ಅಂದ. ನಿಮ್ಮ ಮನೆಗೆ ನೋಟಿಸ್ ಬಂದ ಕಾರಣ ಗುಪ್ತವಾಗಿಲ್ಲ ತಂಗಿ. ಮೈದುನ ಕಂತು ಕಟ್ಟಲಿಲ್ಲ, ನಿಮ್ಮವರ ಸಹಿ ಕಾಗದದ ಮೇಲಿತ್ತು. ಅಷ್ಟೇ. ಕೂಟದ ಅಕ್ಕಂದಿರ ಮೇಲೆ ಸಿಟ್ಟಾಗಬೇಡಿ, ಅವರಿಗೂ ಏನು ಹೇಳಬೇಕೋ ತೋಚಿರಲಿಕ್ಕಿಲ್ಲ. ಆದರೆ ಆ ಮಾತನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ.

ಯೆರೆಮೀಯ 29:11ರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಮನಸ್ಸು ಮುರಿದದ್ದು ಅಲ್ಲಿ. ನಿಮ್ಮ ವಿಷಯದಲ್ಲಿ ನನ್ನ ಆಲೋಚನೆ ಹಿತಕ್ಕಾಗಿ, ಕೇಡಿಗಲ್ಲ ಅನ್ನುವ ಮಾತು ಅದು. ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ, ಮದುವೆ ಕರೆಯೋಲೆಯಲ್ಲಿ ಎಲ್ಲ ಕಡೆ ನೋಡುತ್ತೇವೆ. ಆದರೆ ಅದು ಪ್ರವಾದಿ ಯೆರೆಮೀಯ ಬರೆದ ಒಂದು ಕಾಗದದ ನಡುವಿನ ಸಾಲು. ಕಾಗದ ಬರೆದದ್ದು ಸೆರೆಯಾಗಿ ಬಾಬಿಲೋನಿಗೆ ಹೋದ ಜನಕ್ಕೆ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ, ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ ಅಂತ ಜನರ ಮುಂದೆ ಸಾರಿದ್ದ. ಜನಕ್ಕೆ ಅದು ಹಿಡಿಸಿತು. ಯೆರೆಮೀಯನ ಕಾಗದ ಅದಕ್ಕೆ ತದ್ವಿರುದ್ಧ. 10ನೇ ವಚನದಲ್ಲಿ 70 ವರ್ಷ ಅನ್ನುತ್ತದೆ. 5ರಿಂದ 7ರವರೆಗೆ, ಮನೆ ಕಟ್ಟಿಕೊಳ್ಳಿ, ತೋಟ ಹಾಕಿ ಅದರ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ಸೆರೆಯಾಗಿ ಹೋದ ಆ ಊರಿನ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ ಅನ್ನುತ್ತದೆ. ಅದಾದ ಮೇಲೆ 11 ಬರುತ್ತದೆ.

ದಾವಣಗೆರೆಯವರಿಗೆ ಇದು ತಿಳಿಯದ್ದಲ್ಲ. ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದ ಕಾಲದಲ್ಲಿ, ಮಿಲ್ಲು ಇನ್ನೇನು ತೆರೆಯುತ್ತದೆ ಅನ್ನುವ ಸುದ್ದಿಯನ್ನು ಹಿಡಿದುಕೊಂಡು ಕಾದು ಕೂತ ಮನೆಗಳನ್ನು ನಾನು ಕಂಡಿದ್ದೇನೆ. ಅದೇ ಬೀದಿಯಲ್ಲಿ ಮಂಡಕ್ಕಿ ಭಟ್ಟಿಯ ಕೂಲಿಗೆ ಹೋದವರು, ಕೈಗಾಡಿ ತಳ್ಳಿದವರು, ಅಳುತ್ತಲೇ ಬದುಕು ಕಟ್ಟಿಕೊಂಡವರನ್ನೂ ಕಂಡಿದ್ದೇನೆ. ಯೆರೆಮೀಯ ಮಾತಾಡುತ್ತಿರುವುದು ಈ ಎರಡನೆಯವರ ಜೊತೆ. ನಿಮಗೆ ಬಂದ ವಚನ ಸುಳ್ಳಾಗಲಿಲ್ಲ. ಕಾರ್ಡಿನ ಮೇಲೆ ಅಷ್ಟನ್ನೇ ಕತ್ತರಿಸಿ ಹಾಕಿದ್ದರು. ಇನ್ನು ಮುಂದೆ ವಚನ ಎತ್ತುವುದನ್ನು ಬಿಡಿ ಅನ್ನುವುದು ನನ್ನ ಸಲಹೆ. ಒಂದು ಸುವಾರ್ತೆಯನ್ನು, ಮಾರ್ಕನದು ಚಿಕ್ಕದು, ದಿನಕ್ಕೆ ಹತ್ತು ಹದಿನೈದು ವಚನದಂತೆ ಮೊದಲಿನಿಂದ ಓದಿ. ಒಂಬತ್ತನೆಯ ಅಧ್ಯಾಯಕ್ಕೆ ಬಂದಾಗ ಒಬ್ಬ ತಂದೆ ಸಿಗುತ್ತಾನೆ. ನಂಬುತ್ತೇನೆ, ನನ್ನ ಅಪನಂಬಿಕೆಗೆ ನೀನೇ ಸಹಾಯ ಮಾಡು ಎಂದು ಒಂದೇ ಉಸಿರಿನಲ್ಲಿ ಕೂಗುತ್ತಾನೆ. ಅಷ್ಟು ನಂಬಿಕೆಗೇ ಅವನ ಮಗ ಗುಣವಾದ.

ಈಗ ಸಾಲ. ದೇವರ ಚಿತ್ತ ಏನು ಅಂತ ಕೇಳಿದ್ದೀರಿ. ಈ ವಿಷಯದಲ್ಲಿ ದರ್ಶನಕ್ಕೆ ಕಾಯಬೇಕಾಗಿಲ್ಲ. ಸತ್ಯವೇದದ ಜ್ಞಾನೋಕ್ತಿ ಪುಸ್ತಕದ ಆರನೆಯ ಅಧ್ಯಾಯದ ಮೊದಲ ಐದು ವಚನ ಜಾಮೀನಿನ ಬಗ್ಗೆಯೇ ಇದೆ. ಇನ್ನೊಬ್ಬನಿಗೆ ಹೊಣೆಯಾಗಿ ಮಾತಿನಲ್ಲಿ ಸಿಕ್ಕಿಬಿದ್ದಿದ್ದರೆ ಏನು ಮಾಡಬೇಕು? ಹೋಗು, ತಗ್ಗಿಕೊಂಡು ಅವನನ್ನು ಕಾಡು, ಕಣ್ಣಿಗೆ ನಿದ್ದೆ ಕೊಡದೆ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ಬಿಡಿಸಿಕೋ ಅನ್ನುತ್ತದೆ. ಸೊಸೈಟಿಯಲ್ಲಿ, ಬ್ಯಾಂಕಿನಲ್ಲಿ ಅಣ್ಣತಮ್ಮನಿಗೆ ಸಹಿ ಹಾಕದಿದ್ದರೆ ಮುಖ ಮುರಿಯುವ ಊರು ನಮ್ಮದು. ನಿಮ್ಮವರು ಪ್ರೀತಿಯಿಂದಲೇ ಹಾಕಿದ್ದಾರೆ, ಅದಕ್ಕಾಗಿ ಅವರನ್ನು ದಿನಾ ಚುಚ್ಚಬೇಡಿ. ಆದರೆ ಅವರು ನೋಟಿಸನ್ನು ಬೀರುವಿನ ಮೇಲೆ ಇಟ್ಟು ಸುಮ್ಮನಿದ್ದಾರೆ ಎಂದು ಬರೆದಿದ್ದೀರಲ್ಲ, ಅದು ಆಗಬಾರದು.

ಕಾನೂನು ಇಷ್ಟು: 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಮೊದಲು ತಮ್ಮನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ ಎಂಬ ವಾದ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ನಿಮ್ಮವರು ಕಟ್ಟಿದ್ದನ್ನು ತಮ್ಮನಿಂದ ವಸೂಲಿ ಮಾಡುವ ಹಕ್ಕು ಅದೇ ಕಾಯ್ದೆಯಲ್ಲಿ ಇದೆ, ಆದ್ದರಿಂದ ಕಟ್ಟುವ ಒಂದೊಂದು ರೂಪಾಯಿಗೂ ರಸೀದಿ ಇರಲಿ. ಇಬ್ಬರೂ ಸೇರಿ ಶಾಖೆಗೆ ಹೋಗಿ, ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಬರಹದಲ್ಲಿ ಲೆಕ್ಕ ಕೇಳಿ, ಕಂತು ಹಂಚಿಕೊಡಲು ಅರ್ಜಿ ಕೊಡಿ. ದಾವಣಗೆರೆ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ದೂರವಾಣಿ 15100. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕೋರ್ಟ್ ಶುಲ್ಕವಿಲ್ಲ. ವಸೂಲಿಯವರು ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ರಾತ್ರಿ ಒಂಬತ್ತರ ಫೋನನ್ನು ನೀವು ಎತ್ತಬೇಕಾಗಿಲ್ಲ.

ಒಡವೆಯ ವಿಷಯ. ಜಾಮೀನು ಕಾಗದಕ್ಕೆ ನೀವು ಸಹಿ ಹಾಕಿಲ್ಲ ಅಂದರೆ ನಿಮ್ಮ ಸ್ತ್ರೀಧನ ಆ ಸಾಲಕ್ಕೆ ಬಾಧ್ಯವಲ್ಲ. ಪ್ರಾಧಿಕಾರದ ವಕೀಲರಿಗೆ ಕಾಗದ ತೋರಿಸಿ ಖಚಿತ ಮಾಡಿಕೊಳ್ಳಿ. ಗಂಡನ ಕಷ್ಟಕ್ಕೆ ಆಗಲಿ ಎಂದು ನೀವೇ ಮನಸಾರೆ ಕೊಟ್ಟರೆ ಅದು ನಿಮ್ಮ ಪ್ರೀತಿ. ಆದರೆ ಹೆದರಿ, ರಾತ್ರಿ ಎರಡು ಗಂಟೆಗೆ ತೀರ್ಮಾನಿಸಿ, ಬೆಳಿಗ್ಗೆ ಚಿನ್ನದಂಗಡಿಗೆ ಹೋಗಬೇಡಿ. ತವರಿಗೆ ಹೋಗುವುದೂ ಹಾಗೆಯೇ. 16ನೇ ಶತಮಾನದ ಸಂತ ಇಗ್ನೇಶಿಯಸ್ ಲೊಯೋಲಾ ಈ ಬಗ್ಗೆ ಒಂದು ನಿಯಮ ಹಾಕಿಟ್ಟಿದ್ದಾರೆ: ಮನಸ್ಸು ಒಣಗಿ ಕತ್ತಲಾಗಿರುವಾಗ ಹೊಸ ತೀರ್ಮಾನ ಮಾಡಬೇಡ, ಬೆಳಕಿದ್ದಾಗ ಮಾಡಿದ್ದಕ್ಕೆ ಅಂಟಿಕೊಂಡಿರು. ನಾನು ಬೇರೆ ಸಭೆಯವನು, ಆದರೆ ಆಪ್ತಸಮಾಲೋಚನೆಯಲ್ಲಿ ಅವರ ಈ ಮಾತನ್ನು ಎಷ್ಟು ಸಲ ಬಳಸಿದ್ದೇನೋ. ಚಿತ್ರದುರ್ಗಕ್ಕೆ ಅಮ್ಮನ ಮನೆಗೆ ಎರಡು ದಿನ ಹೋಗಿ ಮಲಗಿ ಬನ್ನಿ, ಅದು ವಿಶ್ರಾಂತಿ. ಸಂಸಾರ ಎತ್ತಿಕೊಂಡು ಹೋಗುವ ಯೋಚನೆಯನ್ನು ನಿದ್ದೆ ಸರಿಹೋದ ಮೇಲೆ ನೋಡೋಣ. ಹೊಡೆತ ಬಡಿತ ಇದೆ ಅಂದರೆ ಮಾತ್ರ ಈ ನಿಯಮ ನಿಮಗಲ್ಲ, ಮಗಳನ್ನು ಕರೆದುಕೊಂಡು ಇವತ್ತೇ ಹೊರಡಿ.

ಹರಿಹರದ ಮಾತಿಗೆ ಬರುತ್ತೇನೆ. ನಾನು ಬೆಳೆದ ಸಭೆಯಲ್ಲಿ ಹರಕೆ ಇಲ್ಲ, ಮಾತೆಯ ಮುಂದೆ ಮೇಣದಬತ್ತಿ ಹಚ್ಚುವ ವಾಡಿಕೆಯೂ ಇಲ್ಲ. ಹರಕೆ ಹೊತ್ತರೆ ಮಾತ್ರ ಸಾಲ ತೀರುತ್ತದೆ ಎಂದು ನಾನು ಹೇಳಲಾರೆ. ದೇವರ ಜೊತೆ ಲೇವಾದೇವಿ ನಡೆಯುವುದಿಲ್ಲ, ಅದು ಉಪವಾಸಕ್ಕೂ ಅನ್ವಯಿಸುತ್ತದೆ. ಆದರೆ ಸೆಪ್ಟೆಂಬರ್ 8ರ ಹಬ್ಬಕ್ಕೆ ತುಂಗಭದ್ರೆಯ ದಡದ ಆ ಊರಿಗೆ ಎಲ್ಲ ಜಾತಿಯ, ಎಲ್ಲ ಮತದ ತಾಯಂದಿರು ಕಂಕುಳಲ್ಲಿ ಕೂಸು ಎತ್ತಿಕೊಂಡು ಬರುವುದನ್ನು ನೋಡಿದ್ದೇನೆ. ಅವರನ್ನು ಕಂಡು ತುಟಿ ಕೊಂಕಿಸುವುದು ನನ್ನಿಂದಾಗದು. ನಿಮ್ಮ ಅತ್ತೆ ಕಥೋಲಿಕರ ಮನೆಯಲ್ಲಿ ಹುಟ್ಟಿ ಬೆಳೆದವರು. ಒಬ್ಬ ಮಗ ಕೈಕೊಟ್ಟಿದ್ದಾನೆ, ಇನ್ನೊಬ್ಬ ಸಿಕ್ಕಿಹಾಕಿಕೊಂಡಿದ್ದಾನೆ. ನಿಮಗಿಂತ ಹೆಚ್ಚು ಅಳುತ್ತಿರುವವರು ಅವರೇ ಇರಬಹುದು. ಹರಕೆ ಹೊರದಿದ್ದರೂ ಅವರ ಜೊತೆ ಬಸ್ಸು ಹತ್ತಿ ಹೋಗಿ, ಪಕ್ಕದಲ್ಲಿ ಕೂತು ಬನ್ನಿ. ಅರ್ಧ ತಾಸಿನ ದಾರಿ. ಮೈದುನ ಎಲ್ಲಿದ್ದಾನೆ ಎಂಬುದು ಅತ್ತೆಗೆ ಗೊತ್ತಿರುವ ಸಾಧ್ಯತೆಯೂ ಇದೆ, ಜಗಳದಲ್ಲಿ ಬಾರದ ಮಾತು ಬಸ್ಸಿನಲ್ಲಿ ಬರಬಹುದು.

ಮೈದುನನನ್ನು ಕ್ಷಮಿಸಬೇಕೇ ಎಂದು ನೀವು ಕೇಳಿಲ್ಲ. ಆದರೂ ‘ಕರ್ತನ ಪ್ರಾರ್ಥನೆ ಅರ್ಧಕ್ಕೆ ನಿಲ್ಲುತ್ತದೆ’ ಎಂದು ಬರೆದಿದ್ದೀರಿ, ಯಾವ ಅರ್ಧಕ್ಕೆ ಎಂದು ನನಗೆ ಗೊತ್ತು. ಯೇಸು ಕಲಿಸಿದ ಆ ಪ್ರಾರ್ಥನೆಯಲ್ಲಿ ತಪ್ಪುಗಳನ್ನು ಕ್ಷಮಿಸು ಎಂದು ನಾವು ಹೇಳುವ ಕಡೆ, ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಪದಕ್ಕೆ ‘ಸಾಲಗಳು’ ಎಂದೇ ಅರ್ಥ. ನಿಮ್ಮ ಗಂಟಲು ಅಲ್ಲಿ ಕಟ್ಟಿದರೆ ಆಶ್ಚರ್ಯವಿಲ್ಲ. ಸದ್ಯಕ್ಕೆ ಇಷ್ಟು ತಿಳಿದುಕೊಳ್ಳಿ: ಕ್ಷಮಿಸುವುದು ಅಂದರೆ ಲೆಕ್ಕ ಅಳಿಸುವುದು ಎಂದಲ್ಲ. ಅವನ ನಾಶ ಬಯಸದೆಯೇ ಕಾಗದ ಪತ್ರ ಇಟ್ಟುಕೊಂಡು ದುಡ್ಡು ಕೇಳಬಹುದು, ದಾವೆಯನ್ನೂ ಹಾಕಬಹುದು. ಅವನು ಹಾಳಾಗಿಹೋಗಲಿ ಎಂಬ ಮಾತು ಬಾಯಿಗೆ ಬಂದರೆ ಅದನ್ನು ಅವನ ಮುಂದೆ ಆಡುವ ಬದಲು ದೇವರ ಮುಂದೆ ಆಡಿ. ಸತ್ಯವೇದದ ಕೀರ್ತನೆಗಳಲ್ಲಿ ರಾಜ ದಾವೀದ ಅದಕ್ಕಿಂತ ಖಾರವಾಗಿ ಆಡಿದ್ದಾನೆ.

ಪ್ರಾರ್ಥನೆ ಬರುತ್ತಿಲ್ಲ ಅನ್ನುವುದಕ್ಕೂ ನನ್ನ ಉತ್ತರ ಇದೇ. ನಿಮಗೆ ಬರುತ್ತಿಲ್ಲದಿರುವುದು ಕೂಟದಲ್ಲಿ ಕಲಿತ ಪ್ರಾರ್ಥನೆ. ಸ್ತೋತ್ರದಿಂದ ಶುರುವಾಗಿ, ಧನ್ಯವಾದದಲ್ಲಿ ಮುಗಿಯುವಂಥದ್ದು. ಆ ಮಾತುಗಳು ಈಗ ನಿಮ್ಮ ಬಾಯಲ್ಲಿ ನಿಜವಾಗಿಲ್ಲ, ಅದಕ್ಕೇ ಹೊರಡುತ್ತಿಲ್ಲ. ದೇವರ ಮುಂದೆ ಸುಳ್ಳು ಹೇಳಲಾರದ ಬಾಯಿ ಅದು, ನಾನಂತೂ ಅದನ್ನು ನಂಬಿಕೆ ಎಂದೇ ಕರೆಯುತ್ತೇನೆ. ಸತ್ಯವೇದದಲ್ಲಿ ಮಕ್ಕಳಿಲ್ಲದ ಹನ್ನಳು ದೇವಾಲಯದಲ್ಲಿ ತುಟಿ ಆಡಿಸುತ್ತ ಅಳುತ್ತಿದ್ದರೆ ಯಾಜಕ ಏಲಿಗೆ ಅವಳು ಕುಡಿದವಳಂತೆ ಕಂಡಳು. ದೇವರಿಗೆ ಹಾಗೆ ಕಾಣಲಿಲ್ಲ. ಮಾತೇ ಇಲ್ಲದ ನರಳಾಟವನ್ನು ಪವಿತ್ರಾತ್ಮನೇ ಪ್ರಾರ್ಥನೆಯಾಗಿ ಒಯ್ಯುತ್ತಾನೆ ಎಂದು ಪೌಲ ರೋಮಾಪುರದವರಿಗೆ ಬರೆದ.

13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ಎಷ್ಟರವರೆಗೆ, ಎಷ್ಟರವರೆಗೆ ಎಂದು ಮೊದಲ ಎರಡು ವಚನದಲ್ಲೇ ನಾಲ್ಕು ಸಲ ಕೇಳುತ್ತದೆ. ಮಷೀನ್ ನಿಲ್ಲಿಸಿ, ದೀಪ ಆರಿಸುವ ಮುಂಚೆ ಗಟ್ಟಿಯಾಗಿ ಓದಿ. ಕೊನೆಯ ಎರಡು ವಚನದಲ್ಲಿ ದಾವೀದ ಹಾಡುತ್ತೇನೆ ಅನ್ನುತ್ತಾನೆ. ನಿಮಗೆ ಹಾಡು ಬರದಿದ್ದರೆ ನಾಲ್ಕನೆಯದಕ್ಕೇ ನಿಲ್ಲಿಸಿ ಮಲಗಿ. ಮರುದಿನವೂ ನಾಲ್ಕಕ್ಕೇ ನಿಂತರೆ ನಿಲ್ಲಲಿ.

ಕಾಗದದ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಕೇಳಿದ್ದೀರಿ, ಪಿಯುಸಿ ಓದುವ ಮಗಳಿಗೆ ಹೇಳಲೋ ಬೇಡವೋ ಎಂದು. ಹೇಳಿ. ಮೊತ್ತ ಬೇಡ, ಚಿಕ್ಕಪ್ಪನನ್ನು ಬಯ್ಯುವುದೂ ಬೇಡ. ‘ಒಂದು ಸಾಲ ಬಂದಿದೆ, ಅಪ್ಪ ನಾನು ಇಬ್ಬರೂ ನೋಡಿಕೊಳ್ಳುತ್ತೇವೆ, ನಿನ್ನ ಓದು ನಿಲ್ಲುವುದಿಲ್ಲ’ ಅಂದರೆ ಸಾಕು. ಗೋಡೆಯ ಆಚೆ ನೀವು ಅಳುವುದು ಅವಳಿಗೆ ಕೇಳಿಸುತ್ತಲೇ ಇದೆ, ಅದಕ್ಕೆ ಅವಳೇ ಕಾರಣ ಅಂದುಕೊಂಡಿದ್ದರೆ ಕಷ್ಟ. ಕೀರ್ತನೆಯನ್ನು ಕೆಲವು ರಾತ್ರಿ ಅವಳ ಕೈಯಲ್ಲೇ ಓದಿಸಿ, ನೀವು ಕೇಳಿಸಿಕೊಳ್ಳಿ. ಶಾಖೆಗೆ ಹೋಗಿಬಂದ ಮೇಲೆ ಏನಾಯಿತೆಂದು ನನಗೆ ಬರೆಯಿರಿ.